ಮಾಳಪ್ಪಜ್ಜನ ಕಿವಿ ಮತ್ತು ಎರಡೂರಿನ ಡೊಳ್ಳು

ಗಡಿ

ನನ್ನ ಹತ್ತಿರ ಪಾಸ್‌ಪೋರ್ಟ್ ಇಲ್ಲ. ಆದರೂ ನಾನು ಪರದೇಶ ನೋಡಿ ಬಂದವಳು. ಮಂಡ್ಯದವರಿಗೆ ಮದ್ದೂರು ದಾಟಿದರೇ ದೂರ ಎನಿಸುತ್ತದೆ. ಅಂಥದ್ದರಲ್ಲಿ ನಾನು ರಾತ್ರಿಯೆಲ್ಲ ರೈಲಿನಲ್ಲಿ ಕೂತು, ಬೆಳಿಗ್ಗೆ ಹುಮನಾಬಾದಿನಲ್ಲಿ ಬಸ್ಸು ಹತ್ತಿ, ಮಹಾರಾಷ್ಟ್ರದ ಉಮರ್ಗಾಕ್ಕೆ ಹೊರಟಿದ್ದೆ. ಗಡಿ ಬಂದದ್ದನ್ನು ಮೊದಲು ತಿಳಿಸಿದ್ದು ನನ್ನ ಫೋನು. ಟಿಣ್ ಎಂದು ಸದ್ದು ಮಾಡಿ ಹೊಸ ರಾಜ್ಯಕ್ಕೆ ಸ್ವಾಗತ ಕೋರಿತು. ಕಿಟಕಿಯಾಚೆ ಅದೇ ಕರಿ ಮಣ್ಣು, ಅದೇ ತೊಗರಿ, ಅದೇ ಜಾಲಿ. ಅಂಗಡಿಗಳ ಬೋರ್ಡು ಮಾತ್ರ ತಲೆಯ ಮೇಲೆ ಗೆರೆ ಎಳೆದುಕೊಂಡು ಮರಾಠಿಯಾದವು.

ಪರದೇಶಕ್ಕೆ ಹೋಗುವವಳು ಭಾಷೆ ಕಲಿಯದೆ ಹೋದರೆ ಹೇಗೆ? ನಾನು ಒಂದು ವಾರದಿಂದ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಉಮರ್ಗಾದ ಬಸ್ ಸ್ಟ್ಯಾಂಡಿನಲ್ಲಿ ಇಳಿದವಳೇ ಚಹಾದಂಗಡಿಯವನ ಮುಂದೆ ನಿಂತು, "ಮಲಾ ಮರಾಠಿ ಯೇತ ನಾಹಿ" ಎಂದು ಗಂಭೀರವಾಗಿ ಹೇಳಿದೆ. ನನಗೆ ಮರಾಠಿ ಬರುವುದಿಲ್ಲ ಎಂದು ಅದರ ಅರ್ಥ. ಅವನು ಪಾತ್ರೆಯಿಂದ ಕಣ್ಣೆತ್ತಿದ.

"ಬರಂಗಿಲ್ಲಂದ್ರ ಮತ್ತ ಯಾಕ ಮಾತಾಡ್ಲತ್ತೀರಿ ಅಕ್ಕಾ? ಕನ್ನಡದಾಗ ಕೇಳ್ರಿ."

ನನಗೆ ಎಷ್ಟು ಖುಷಿಯಾಯಿತೆಂದರೆ, "ಅಣ್ಣ, ಕಾಫಿ ಐತಾ? ಇದ್ರೆ ಸಕ್ಕರೆ ವಸಿ ಕಮ್ಮಿ ಹಾಕ್ಬುಡಿ" ಎಂದು ನಮ್ಮೂರಿನ ಕನ್ನಡವನ್ನೇ ಧಾರಾಳವಾಗಿ ಹರಿಬಿಟ್ಟೆ. ಅವನು ಪಕ್ಕದಲ್ಲಿದ್ದವನ ಕಡೆ ತಿರುಗಿ, "ಇವರದು ಯಾವ ಭಾಷಾ ಇರಬೇಕೋ?" ಎಂದ. ಕಾಫಿ ಇರಲಿಲ್ಲ. ಕೊಟ್ಟ ಚಹಾದಲ್ಲಿ ಅರ್ಧ ಸಕ್ಕರೆಯೇ ಇತ್ತು. ಅದೇ ಪಾಕವನ್ನು ಕುಡಿಯುತ್ತ ನಿಂತಿದ್ದಾಗ ರೇಣುಕಾ ಸ್ಕೂಟಿಯಲ್ಲಿ ಬಂದಳು.

ರೇಣುಕಾ ಹತ್ತಿರದ ಮುರುಮ ಎಂಬ ಊರಿನ ಮರಾಠಿ ಶಾಲೆಯೊಂದರಲ್ಲಿ ಮಾಸ್ತರಿಣಿ. ಮನೆ ಯೆಣೆಗೂರಿನ ಹೆದ್ದಾರಿಯಿಂದ ಒಳಗೆ, ಹೊಲದಲ್ಲೇ. ಅವರದು ಕುರಿ ಸಾಕುವ, ಬೀರಪ್ಪ ದೇವರಿಗೆ ಡೊಳ್ಳು ಬಾರಿಸುವ ಮನೆತನ. ನನ್ನ ಕೆಲಸಕ್ಕೆ ಬೇಕಾದ ಜನರನ್ನು ಹೊಂದಿಸಿಕೊಡುತ್ತೇನೆ ಎಂದು ಆಕೆ ಫೋನಿನಲ್ಲಿ ಒಪ್ಪಿಕೊಂಡಿದ್ದಳು. ಹಿಂದೆ ಕೂತ ನಾನು ಹೆದ್ದಾರಿಯ ಲಾರಿಗಳನ್ನು ಕಂಡು ಕಣ್ಣು ಮುಚ್ಚಿಕೊಂಡೆ. ಅವಳು ಒಮ್ಮೆ ತಿರುಗಿ, "ಮ್ಯಾಡಂ, ನಿಮ್ಮ ಮಷೀನು ಸುಳ್ಳು ಹೇಳಂಗಿಲ್ಲಲ್ರೀ?" ಎಂದು ಕೇಳಿದಳು. ಮುಂದೆ ನೋಡಿಕೊಂಡು ಗಾಡಿ ಓಡಿಸು ತಾಯಿ ಎಂದೆ.

ಉಮರ್ಗಾ

ನನ್ನ ಕೆಲಸವೇನೆಂದು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯವರಿಗೇ ಅದು ಇನ್ನೂ ತಿಳಿದಿಲ್ಲ. ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುತ್ತೇನೆ. ಎರಡು ಡೊಳ್ಳಿನ ಪೆಟ್ಟುಗಳನ್ನು ಕೇಳಿದಾಗ ಜನ ಯಾವುದನ್ನು ಒಂದೇ ಎನ್ನುತ್ತಾರೆ, ಯಾವುದನ್ನು ಬೇರೆ ಎನ್ನುತ್ತಾರೆ, ಯಾಕೆ ಹಾಗನ್ನುತ್ತಾರೆ ಎನ್ನುವುದು ನನ್ನ ಹುಡುಕಾಟ. ಅದಕ್ಕೆ ನಾನು ಒಯ್ಯುವುದು ಒಂದು ರೆಕಾರ್ಡರು, ಕಿವಿಗೆ ಹಾಕುವ ಹೆಡ್‌ಫೋನು ಮತ್ತು ಒಂದು ಉದ್ದನೆಯ ಮರದ ಹಲಗೆ. ಹಲಗೆಯ ಮೇಲೊಂದು ತಂತಿ, ತಂತಿಯಲ್ಲೊಂದು ಮಣಿ. ಎರಡು ಪೆಟ್ಟು ಒಂದೇ ಎನಿಸಿದರೆ ಮಣಿಯನ್ನು ಈ ತುದಿಗೆ ಸರಿಸಬೇಕು. ಏನೇನೂ ಸಂಬಂಧವಿಲ್ಲ ಎನಿಸಿದರೆ ಆ ತುದಿಗೆ. ಕೊಂಚ ಹೋಲಿದರೆ ನಡುವೆ ಎಲ್ಲಾದರೂ. ಇದರಲ್ಲಿ ತಪ್ಪಾಗುವುದಕ್ಕೆ ಏನಿದೆ ಎಂದು ನಾನು ಮಂಡ್ಯದಲ್ಲಿ ಅಂದುಕೊಂಡಿದ್ದೆ.

ಅಂಗಳದಲ್ಲಿ ಕಂಬಳಿ ಹಾಸಿ ಅಂಗಡಿ ಬಿಚ್ಚಿದೆ. ಮೊದಲು ಬಂದವರು ಪಕ್ಕದ ಹೊಲದ ಪಾಟೀಲರು. ಹಣೆಗೆ ವಿಭೂತಿ, ಬಿಳಿ ಟೋಪಿ, ಬಹಳ ಮರ್ಯಾದಸ್ಥರು. ಯಾವ ಎರಡನ್ನು ಕೇಳಿಸಿದರೂ ಮಣಿಯನ್ನು ಸರಿಯಾಗಿ ನಟ್ಟನಡುವೆ ತಂದು ನಿಲ್ಲಿಸುತ್ತಿದ್ದರು. ಯಾಕೆ ಎಂದರೆ, "ಎರಡೂ ಛಲೋ ಅವರೀ. ಬಾರಿಸಿದವರು ಯಾರರೆ ಇರಲಿ, ಒಬ್ಬರಿಗಿ ಹೆಚ್ಚು ಒಬ್ಬರಿಗಿ ಕಡಿಮಿ ಯಾಕ ಮಾಡಬೇಕು" ಎಂದರು. ಇದು ಪಂಚಾಯಿತಿಯಲ್ಲ ಎಂದು ತಿಳಿಸಿ ಹೇಳಿದೆ. ಅವರು ಒಪ್ಪಿ ತಲೆಯಾಡಿಸಿ ಮತ್ತೆ ನಡುವೆಯೇ ನಿಲ್ಲಿಸಿದರು.

ಆಮೇಲೆ ಬಂದ ಕುರಿ ಕಾಯುವವನೊಬ್ಬನಿಗೆ ಒಂದೇ ಪೆಟ್ಟನ್ನು ಒಮ್ಮೆ ನಿಧಾನವಾಗಿ, ಒಮ್ಮೆ ಜೋರಾಗಿ ಕೇಳಿಸಿದೆ. ನಮ್ಮೂರಲ್ಲಿ ತಮಟೆ ಕೇಳಿದ ಮಗು ಕೂಡ ಇದು ಅದೇ ಎನ್ನುತ್ತದೆ. ಇವನು ಮಣಿಯನ್ನು ಪೂರ್ತಿ ಆಚೆ ತುದಿಗೆ ತಳ್ಳಿದ.

"ಒಂದು ದೇವರಿಗಿ ಹೊಳಿಗಿ ಒಯ್ಯೋದು, ಇನ್ನೊಂದು ಹೊಳಿಯಿಂದ ಮನಿಗಿ ತರೋದು. ಹೋಗೋದು ಬರೋದು ಒಂದ ಹ್ಯಾಂಗ ಆಗ್ತದರೀ?"

ರೇಣುಕಾಳ ತಾಯಿ ಸುಮನಬಾಯಿಗೆ ಒಂದಕ್ಕೊಂದು ಎಳ್ಳಷ್ಟೂ ಹೋಲದ ಎರಡು ಪೆಟ್ಟು ಹಾಕಿದೆ. ಆಕೆ ಮಣಿಯನ್ನು 'ಒಂದೇ' ತುದಿಗೆ ತಂದಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು. ಎರಡನ್ನೂ ಅವರು ಚಿಕ್ಕವರಿದ್ದಾಗ ತವರೂರು ಸಾಸ್ತೂರಿನಲ್ಲಿ ಕೇಳಿದ್ದರಂತೆ. ಊರನ್ನೇ ಕೆಡವಿದ ಭೂಕಂಪಕ್ಕೆ ಮೊದಲಿನ ಸಾಸ್ತೂರು ಅದು. "ಎರಡೂ ಕೇಳಿದ್ರ ನಂಗ ಅದ ಓಣಿ ಕಾಣ್ತದ" ಎಂದರು. ನಾನು ತೆಪ್ಪಗೆ ಬರೆದುಕೊಂಡೆ. ಆ ಹೊತ್ತಿಗೆ ನನಗೆ ತಲೆನೋವು ಶುರುವಾಗಿತ್ತು. ನಾನು ಪೆಟ್ಟುಗಳನ್ನು ಎಣಿಸುತ್ತಿದ್ದೆ, ಇಲ್ಲಿ ಒಬ್ಬರೂ ಎಣಿಸುತ್ತಿರಲಿಲ್ಲ. ಒಬ್ಬರು ಕಾಲಿನಿಂದ ಕೇಳುತ್ತಿದ್ದರು, ಒಬ್ಬರು ಕಣ್ಣಿನಿಂದ. ಪಾಟೀಲರಂತೂ ಮರ್ಯಾದೆಯಿಂದ ಕೇಳುತ್ತಿದ್ದರು.

ಇಷ್ಟೂ ಹೊತ್ತು ಹಳದಿ ರುಮಾಲಿನ ಮುದುಕನೊಬ್ಬ ಕಟ್ಟೆಯ ಮೇಲೆ ಕೂತು ನನ್ನನ್ನೇ ದಿಟ್ಟಿಸುತ್ತಿದ್ದ. ರೇಣುಕಾಳ ಅಜ್ಜ, ಮಾಳಪ್ಪ. ಮೂರು ಸಲ ಊಟಕ್ಕೆ ಕರೆದರೂ ಕೇಳಿಸದ ಕಿವಿ ಅದು. ಆದರೆ ಆಚೆ ಹೊಲದಲ್ಲಿ ಯಾರೋ ಡಬ್ಬಿ ಬಡಿದರೆ, "ಎಡಗೈ ಸಡ್ಲ ಅದ ಅವಂದು" ಎನ್ನುತ್ತಿತ್ತು.

ಸಂಜೆ ಒಲೆಯ ಮುಂದೆ ಸುಮನಬಾಯಿ ಜೋಳದ ಭಕ್ರಿ ತಟ್ಟುತ್ತಿದ್ದರು. ನಮ್ಮ ಮುದ್ದೆಯನ್ನು ನುಂಗಬೇಕು, ಇವರ ಭಕ್ರಿಯನ್ನು ಅಗಿಯಬೇಕು. ಅಷ್ಟು ಬಿಟ್ಟರೆ ಹೊಟ್ಟೆಗೆ ಎರಡೂ ಒಂದೇ ಎಂದು ನಾನು ಹೇಳುತ್ತಿದ್ದೆ. ಆಗ ರೇಣುಕಾ ಬಾಗಿಲು ಮುಂದೆ ಮಾಡಿ ತನ್ನ ಸಂಗತಿ ಹೇಳಿದಳು. ಉದಗೀರದ ಹತ್ತಿರದ ಹಳ್ಳಿಯ ಸಿದ್ರಾಮ ಎಂಬ ಹುಡುಗ. ಹಾಲಿನ ಟೆಂಪೊ ಓಡಿಸುತ್ತಾನೆ. ಇಬ್ಬರಿಗೂ ಮನಸ್ಸಾಗಿದೆ. ಜಾತಿ ಒಂದೇ, ಬೆಡಗು ಅಂದರೆ ಕುಲದ ಕವಲು ಬೇರೆ. ಲಗ್ನಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಅಡ್ಡಿಯನ್ನು ತಂದದ್ದು ಅವನೇ.

ಇವರಲ್ಲಿ ಬೆಳಗಿನ ಜಾವ ಬೀರಪ್ಪನ ಗುಡಿಯ ಬಾಗಿಲಲ್ಲಿ ಡೊಳ್ಳು ಬಾರಿಸಿ ದೇವರನ್ನು ಎಬ್ಬಿಸುತ್ತಾರೆ. ಅದಕ್ಕೆಂದೇ ಒಂದು ಪೆಟ್ಟು ಇದೆ. ಒಂದೊಂದು ಮನೆತನಕ್ಕೆ ಒಂದೊಂದು. ಅದನ್ನು ತಂದೆ ಮಗನಿಗೆ ಮಾತ್ರ ಕಲಿಸುತ್ತಾನೆ, ಅಳಿಯನಿಗೂ ಕಲಿಸುವುದಿಲ್ಲ. ಹಾಗಾಗಿ ಒಂದೇ ಪೆಟ್ಟು ಎರಡು ಮನೆಯಲ್ಲಿ ಕೇಳಿದರೆ ಅವರಿಬ್ಬರೂ ಯಾವತ್ತೋ ಒಂದೇ ತಂದೆಯ ಮಕ್ಕಳು, ಅಂದರೆ ಭಾವಕಿ. ಭಾವಕಿಯಲ್ಲಿ ಅಣ್ಣತಮ್ಮಂದಿರ ನಂಟು ಉಂಟು, ಹೆಣ್ಣು ಕೊಟ್ಟು ತರುವ ಸೋಯರಿಕೆ ಇಲ್ಲ. ಸಿದ್ರಾಮ ಪ್ರೀತಿ ಉಕ್ಕಿ ಬಂದು ತನ್ನ ಮನೆಯ ಎಬ್ಬಿಸುವ ಪೆಟ್ಟನ್ನು ಫೋನಿನಲ್ಲಿ ಹಿಡಿದು ರೇಣುಕಾಳಿಗೆ ಕಳಿಸಿದ. ಬೇರೆ ಊರಿನ ಹುಡುಗರು ಹೂವಿನ ಚಿತ್ರ ಕಳಿಸುತ್ತಾರೆ. ಇವಳೂ ಕಡಿಮೆಯವಳಲ್ಲ, ಅದನ್ನೇ ಅವನ ಕರೆಯ ಗಂಟೆಯಾಗಿ ಇಟ್ಟುಕೊಂಡಳು.

ಒಂದು ದಿನ ರಜೆ ಇತ್ತು. ಅವಳು ಬಾವಿಯ ಕಡೆ ಹೋಗಿದ್ದಾಗ ಫೋನು ಪಡಸಾಲೆಯಲ್ಲಿ ಚಾರ್ಜಿಗೆ ಇತ್ತು. ಭರ ಮಧ್ಯಾಹ್ನ ಸಿದ್ರಾಮ ಕರೆ ಮಾಡಿದ. ಅಲ್ಲೇ ಮಲಗಿದ್ದ ಮಾಳಪ್ಪಜ್ಜ ಧಡಕ್ಕನೆ ಎದ್ದ, ಬೆಳಗಾಯಿತೆಂದು ಮುಖ ತೊಳೆದ, ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡ, ಪೂರ್ವಕ್ಕೆ ತಿರುಗಿ ಕೈ ಮುಗಿದ. ಸೂರ್ಯ ನೆತ್ತಿಯ ಮೇಲಿದ್ದ. ಫೋನು ಇನ್ನೂ ಬಡಿದುಕೊಳ್ಳುತ್ತಿತ್ತು.

"ಅಜ್ಜ ಅವತ್ತ ಹೇಳಿಬಿಟ್ಟ. 'ಇದು ನಮ್ಮ ಪೆಟ್ಟು. ಅವರು ನಮ್ಮ ಭಾವಕಿ. ಈ ಸೋಯರಿಕಿ ಆಗಂಗಿಲ್ಲ' ಅಂತ" ಎಂದಳು ರೇಣುಕಾ. "ಅಪ್ಪ ಹೋದ ಮ್ಯಾಲ ನಂಗ ಸಾಕಿದಂವಾ ಅಜ್ಜ. ನಾ ಓಡಿ ಹೋಗಾಕಿ ಅಲ್ಲ ಮ್ಯಾಡಂ. ಅಂವಾ ಒಲ್ಲೆ ಅಂದ್ರ ಮುಗೀತು. ಅವರ ಮನ್ಯಾಗ ಬ್ಯಾರೆ ಕಡಿ ಕನ್ಯಾ ನೋಡ್ಲತ್ತಾರ."

ಅವಳ ಮುಖ ನೋಡಿ ನಾನು ಕೈಯಲ್ಲಿದ್ದ ಭಕ್ರಿಯನ್ನು ಕೆಳಗಿಟ್ಟೆ. ನನ್ನನ್ನು ಇಷ್ಟು ಮುತುವರ್ಜಿಯಿಂದ ಕರೆಸಿಕೊಂಡದ್ದು ಯಾಕೆಂದೂ ಆಗ ತಿಳಿಯಿತು. ಅಷ್ಟರಲ್ಲಿ ಹೊರಗಿನಿಂದ ಅಜ್ಜನ ದನಿ ಬಂತು. ಮುಚ್ಚಿದ ಬಾಗಿಲಾಚೆ ಕೂತು ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಮ್ಯಾಡಂ ಬಾಯಿ, ನಾ ಏನು ಕಲ್ಲ? ಇಟ್ಟು ನೋಡ್ರಿ ನಿಮ್ಮ ಮಷೀನು. ಅದು ಬ್ಯಾರೆ ಅಂದ್ರ ನಾ ಬ್ಯಾರೆ ಅಂತೀನಿ."

"ಅಜ್ಜಾರೇ, ಮಷೀನು ಏನೂ ಹೇಳಲ್ಲ. ಅದು ಜನರನ್ನ ಕೇಳುತ್ತೆ, ಅಷ್ಟೇ."

"ಜನರಿಗಿ ಕೇಳಲಾಕ ನನಗ ಬಾಯಿ ಅದ. ಮತ್ತ ಇದಕ್ಕ ಅಷ್ಟು ದೂರದಿಂದ ಯಾಕ ಹೊತ್ತು ತಂದ್ರಿ?"

ಈ ಪ್ರಶ್ನೆಯನ್ನು ನಮ್ಮ ಪ್ರಿನ್ಸಿಪಾಲರೂ ಕೇಳಿದ್ದರು. ಅವರಿಗೆ ಕೊಟ್ಟ ಉತ್ತರ ಇಲ್ಲಿ ನಡೆಯುವಂತಿರಲಿಲ್ಲ. ಕೊನೆಗೆ ಅಜ್ಜನೇ ಒಂದು ದಾರಿ ಹೇಳಿದ. ಫೋನಿನ ಡೊಳ್ಳು ಡೊಳ್ಳಲ್ಲ. ಆ ಊರಿಗೇ ಹೋಗಿ ಅವರ ದೇವರ ಬಾಗಿಲಲ್ಲಿ ತನ್ನ ಕಿವಿಯಿಂದ ಕೇಳುತ್ತಾನೆ. ಒಂದೇ ಆದರೆ ಅಲ್ಲಿಗೆ ಮಾತು ಮುಗಿಯಿತು. ಬೇರೆ ಆದರೆ ಲಗ್ನ. ನಾನೂ ಬರಬೇಕು, ಸಾಕ್ಷಿಗೆ. ಮರುದಿನ ಬೆಳಗಿನ ಜಾವ ಅವನು ತಮ್ಮ ಗುಡಿಯಲ್ಲಿ ಎಬ್ಬಿಸುವ ಪೆಟ್ಟು ಬಾರಿಸಿದ, ನಾನು ರೆಕಾರ್ಡರಿನಲ್ಲಿ ತುಂಬಿಕೊಂಡೆ. ದೇವರು ಎದ್ದನೋ ಇಲ್ಲವೋ, ಹಟ್ಟಿಯ ಕುರಿಗಳೆಲ್ಲ ಎದ್ದವು. ನನ್ನ ಮೈಯ ರೋಮವೂ ಎದ್ದಿತು, ಸುಳ್ಳೇಕೆ ಹೇಳಲಿ.

ನಿಲಂಗಾ

ಅಜ್ಜ ಡೊಳ್ಳು ಬಿಟ್ಟು ಬರಲು ಒಪ್ಪಲಿಲ್ಲ. ತನ್ನ ಪೆಟ್ಟನ್ನು ಕೇಳಿಸಬೇಕಾಗಿ ಬಂದರೆ? ಹಾಗಾಗಿ ನಿಲಂಗಾದ ಕೆಂಪು ಬಸ್ಸಿಗೆ ನಾವು ಮೂವರು ಮತ್ತು ಒಂದು ಡೊಳ್ಳು ಹತ್ತಿದೆವು. ಕಂಡಕ್ಟರು ಗಟ್ಟಿಗಿತ್ತಿ ಹೆಂಗಸು. ಡೊಳ್ಳನ್ನು ಟಾಪಿನ ಮೇಲೆ ಹಾಕಿ ಎಂದಳು. ದೇವರ ಡೊಳ್ಳು ಬಿಸಿಲಲ್ಲಿ ಬರುವುದಿಲ್ಲ ಎಂದ ಅಜ್ಜ. ಸೀಟಿನ ಕೆಳಗೆ ಇಡಿ ಎಂದಳು. ದೇವರ ಡೊಳ್ಳು ಕಾಲ ಬುಡದಲ್ಲಿ ಬರುವುದಿಲ್ಲ ಎಂದ. ಹಾಗಾದರೆ ತೊಡೆಯ ಮೇಲೆ ಇಟ್ಟುಕೊಳ್ಳಿ ಎಂದು ಸೀಟಿ ಊದಿಬಿಟ್ಟಳು. ಅಜ್ಜನ ತೊಡೆ ಸಣ್ಣದು, ಡೊಳ್ಳು ದೊಡ್ಡದು. ಅದರ ಇನ್ನೊಂದು ತುದಿ ನನ್ನ ತೊಡೆಗೆ ಬಂತು.

ಆ ರಸ್ತೆಯ ಬಗ್ಗೆ ನಾನು ಏನೂ ಹೇಳುವುದಿಲ್ಲ, ಡೊಳ್ಳೇ ಎಲ್ಲ ಹೇಳಿತು. ಪ್ರತಿ ಗುಂಡಿಗೂ ನನ್ನ ಮೊಣಕೈ ಚರ್ಮಕ್ಕೆ ಬಡಿದು ಢಂ ಎನ್ನುತ್ತಿತ್ತು. ಕಂಡಕ್ಟರು ಮುಂದಿನಿಂದ, "ಆಜೋಬಾ, ವಾಜವೂ ನಕಾ!" ಎಂದು ಕೂಗಿದಳು, ಬಾರಿಸಬೇಡಿ ಎಂದು. ಅಜ್ಜ ಎರಡೂ ಕೈ ಮೇಲೆತ್ತಿ ತೋರಿಸಿ, "ಮೀ ನಾಹಿ ಬಾಈ, ತುಮಚಾ ರಸ್ತಾ ವಾಜವತೋಯ" ಎಂದ. ನಾನಲ್ಲ ತಾಯಿ, ನಿಮ್ಮ ರಸ್ತೆ ಬಾರಿಸುತ್ತಿದೆ. ಬಸ್ಸೆಲ್ಲ ನಕ್ಕಿತು. ಹಿಂದಿನ ಸೀಟಿನವರಿಬ್ಬರು ಈಗ ಬಾರಿಸಿದ್ದು ಮದುವೆಯದೋ ಮೆರವಣಿಗೆಯದೋ ಎಂದು ವಾದಕ್ಕೆ ಬಿದ್ದರು. ಗುಂಡಿಗಳಲ್ಲೂ ಅವರಿಗೆ ತಾಳ ಕೇಳಿಸುತ್ತಿತ್ತು. ನಿಲಂಗಾ ಬರುವವರೆಗೂ ಆ ವಾದ ಮುಗಿಯಲಿಲ್ಲ.

ನಿಲಂಗಾದಲ್ಲಿ ಉದಗೀರದ ಬಸ್ಸು ಈಗ ಬರುತ್ತದೆ ಎಂದರು. ಆ 'ಈಗ' ನಮ್ಮ ಕಡೆಯ 'ಈಗ'ದಷ್ಟೇ ಉದ್ದವಾಗಿತ್ತು. ಅಲ್ಲಿನ ಗಾಡಿಯ ಖಾರದ ಅನ್ನ ತಿಂದು ಕಣ್ಣು ಮೂಗು ಸೋರಿಸಿಕೊಂಡು ಕೂತೆ. ಡೊಳ್ಳನ್ನು ನೋಡಿ ಸುತ್ತ ಜನ ಸೇರಿದರು. ಸುಮ್ಮನೆ ಯಾಕೆ ಕೂರಬೇಕು ಎಂದು ಹಲಗೆ ಬಿಚ್ಚಿದೆ. ಅಜ್ಜನ ಪೆಟ್ಟು, ಸಿದ್ರಾಮನ ಮನೆಯ ಪೆಟ್ಟು, ಎರಡನ್ನೂ ಬಸ್ಸು ಕಾಯುವವರ ಕಿವಿಗೆ ಹಾಕಿದೆ. ಯಾವುದು ಯಾರದೆಂದು ಹೇಳಲಿಲ್ಲ.

ಆಗ ಒಂದು ವಿಚಿತ್ರ ಕಂಡಿತು. ಅಜ್ಜನದನ್ನು ಮೊದಲು ಕೇಳಿ ಆಮೇಲೆ ಸಿದ್ರಾಮನ ಮನೆಯವರದನ್ನು ಕೇಳಿದವರು ಒಂದು ತುದಿಗೆ ಹೋದರೆ, ಅವರದನ್ನು ಮೊದಲು ಕೇಳಿದವರು ಇನ್ನೊಂದು ತುದಿಗೆ ಹೋಗುತ್ತಿದ್ದರು. ಮೊದಲಿನವರಿಗೆ ಒಂದೇ, ಇವರಿಗೆ ಬೇರೆ. ಡೊಳ್ಳು ಅವೇ, ಹಿಂದೆ ಮುಂದೆ ಆದದ್ದಷ್ಟೇ. ಮತ್ತೆ ಮತ್ತೆ ಕೇಳಿ ನೋಡಿದೆ. ಎರಡರ ಮೈಕಟ್ಟು ಒಂದೇ ಇತ್ತು, ಆದರೆ ಅವರ ಪೆಟ್ಟಿನ ಕೊನೆಯಲ್ಲಿ ಒಂದು ಸಣ್ಣ ಬೆರಳಿನ ಪೆಟ್ಟು ಹೆಚ್ಚಿಗೆ ಇತ್ತು. ಅಜ್ಜನದರಲ್ಲಿ ಅದಿಲ್ಲ. ಸಣ್ಣದೊಂದು ಹೆಚ್ಚಿಗೆ ಬಂದರೆ ಕಿವಿ ಇರಲಿ ಬಿಡು ಎನ್ನುತ್ತದೆ. ಬರಬೇಕಾದದ್ದು ಬಾರದೆ ಹೋದರೆ ಎಡವಿದ ಹಾಗಾಗುತ್ತದೆ.

ರೇಣುಕಾಳಿಗೆ ಬಿಡಿಸಿ ಹೇಳಿದೆ. "ನೋಡಮ್ಮ, ಮಗ ಅಪ್ಪನ ಥರ ಇದ್ದಾನೆ ಅಂತೀವಿ. ಅಪ್ಪ ಮಗನ ಥರ ಇದ್ದಾನೆ ಅಂತ ಯಾರಾದರೂ ಅಂತಾರಾ? ಯಾವ ಕಡೆಯಿಂದ ನೋಡ್ತೀವಿ ಅನ್ನೋದರ ಮೇಲೆ ಇರುತ್ತೆ."

ಅವಳ ಕಣ್ಣು ಮಿಂಚಿತು. "ಹಂಗಾದ್ರ ಅಜ್ಜಗ ಉಲ್ಟಾ ಕೇಳಿಸಿದ್ರ ಬ್ಯಾರೆ ಅಂತಾನೇನ್ರೀ?"

"ಅವರಿಗೆ ಉಲ್ಟಾ ಮಾಡೋಕಾಗಲ್ಲ. ಹುಟ್ಟಿದಾಗಿಂದ ತಮ್ಮದೇ ಕಿವಿಯಲ್ಲಿ ಕೂತಿದೆ."

ಅವಳು ಹಲಗೆಯ ಮಣಿಯನ್ನು 'ಒಂದೇ' ತುದಿಗೆ ಸರಿಸಿದಳು. ನನಗೆ ನನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕು ಎನಿಸಿತು. ಅಜ್ಜ ಪಕ್ಕದಲ್ಲಿ ಖಾರದ ಅನ್ನವನ್ನು ಹನಿ ನೀರೂ ಕುಡಿಯದೆ ತಿಂದು ಮುಗಿಸಿ, ನನ್ನ ಹಲಗೆಯ ಮೇಲೆ ಕೈ ಒರೆಸಿದ.

ಉದಗೀರ

ಉದಗೀರದ ಸ್ಟ್ಯಾಂಡಿಗೆ ಸಿದ್ರಾಮ ಹಾಲಿನ ಟೆಂಪೊ ತಂದಿದ್ದ. ಹುಡುಗ ಲಕ್ಷಣವಾಗಿದ್ದ, ಆದರೆ ಅಜ್ಜನನ್ನು ನೋಡುತ್ತಲೇ ಅವನ ಬಾಯಿ ಕಟ್ಟಿಹೋಯಿತು. ಕೋಟೆಯನ್ನು ತೋರಿಸಿ "ಕೋಟಿ" ಎಂದ, ಕೆರೆ ತೋರಿಸಿ "ಕೆರಿ" ಎಂದ, ಅಷ್ಟೇ ಅವನ ಮಾತು. ನಾನು ಖಾಲಿ ಹಾಲಿನ ಕ್ಯಾನುಗಳ ನಡುವೆ ಡೊಳ್ಳನ್ನು ಅಪ್ಪಿಕೊಂಡು ಕೂತಿದ್ದೆ. ಉದಗೀರದ ಚರಿತ್ರೆಯನ್ನು ಬಲ್ಲವರು ಬರೆದಿದ್ದಾರೆ. ನಾನು ಕಂಡದ್ದು ಕ್ಯಾನುಗಳ ಸಂದಿಯಲ್ಲಿ ಕಾಣಿಸಿದ ಒಂದು ಬುರುಜು.

ಹಳ್ಳಿ ಮುಟ್ಟಿ ಅವರ ಮನೆಯ ಮುಂದೆ ಇಳಿದೆವು. ಆ ಮನೆಯ ಯಜಮಾನಿಕೆ ಸಿದ್ರಾಮನ ಅಜ್ಜಿ ಲಗಮವ್ವನದು. ಗಿಡ್ಡ ಆಳು, ಹಣೆಯ ತುಂಬ ಭಂಡಾರ. ಅಂಗಳದ ಒಂದು ಬದಿಗೆ ಬೀರಪ್ಪನ ಗುಡಿ. ರೇಣುಕಾ ಬಂದವಳೇ ಮುದುಕಿಯ ಕಾಲಿಗೆರಗಿ ಒಳಗೆ ಹೋಗಿ ಚಹಾಕ್ಕೆ ನಿಂತಳು. ಅಜ್ಜ ಮಾತ್ರ, "ಮಾತು ಮುಗಿಯೂ ತನಕ ನಾ ಇಲ್ಲಿ ನೀರು ಸೈತ ಕುಡಿಯಂಗಿಲ್ಲ" ಎಂದು ಕಂಬಳಿ ಹಾಸಿಕೊಂಡು ಕೂತ. ಮಧ್ಯಾಹ್ನ ತಿಂದ ಖಾರಕ್ಕೆ ಅವನ ಹಣೆ ಇನ್ನೂ ಬೆವರುತ್ತಿತ್ತು.

ಲಗಮವ್ವ ಮೊದಲು ತಾನು ಕೇಳಬೇಕೆಂದಳು. ಅಜ್ಜನ ಪೆಟ್ಟು ತುಂಬಿದ ಹೆಡ್‌ಫೋನನ್ನು ಅವಳ ಕಿವಿಗೆ ಹಾಕಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಅನುಭವ ಇದ್ದವರಿಗೆ ಗೊತ್ತು, ಕಿವಿ ಮುಚ್ಚಿದವರಿಗೆ ತಮ್ಮ ದನಿ ತಮಗೆ ಕೇಳುವುದಿಲ್ಲ. ಅವಳು ನನ್ನ ಕಿವಿಯಲ್ಲಿ ಗುಟ್ಟು ಹೇಳುವವಳಂತೆ ಬಗ್ಗಿ, ಇಡೀ ಓಣಿಗೆ ಕೇಳುವ ಹಾಗೆ ಕಿರುಚಿದಳು.

"ಇದು ನಮ್ಮಂಗ ಅದ ಅಂತ ಯಾಂವ ಅಂದಾನ? ಕಡೀ ಪೆಟ್ಟ ಇಲ್ಲ! ಇವರ ದೇವರು ಅರ್ಧಾ ಎದ್ದು ಹಾಸಿಗ್ಯಾಗ ಕುಂತಿರಬೇಕು ನೋಡ ಪಾಪ! ಮುದುಕ ಮುಂದ ಕುಂತಾನ, ಅವಗ ಹೇಳಬ್ಯಾಡ!"

ಮುದುಕನ ಮುಖ ಅವನ ರುಮಾಲಿಗಿಂತ ಹಳದಿಯಾಗಿ, ಆಮೇಲೆ ಕೆಂಪಾಯಿತು. "ನಮ್ಮ ದೇವರಿಗಿ ಒಂದ ಸಲ ಹೇಳಿದ್ರ ತಿಳೀತದ! ಕಡೀಗಿ ತಿವಿದು ಎಬ್ಬಸೋ ಗರಜು ನಮಗಿಲ್ಲ!" ಎಂದು ಎದ್ದು ನಿಂತ. ಸಿದ್ರಾಮ ಕಂಬ ಹಿಡಿದುಕೊಂಡ. ನನಗೆ ಒಳಗೊಳಗೇ ಆಸೆ ಹುಟ್ಟಿತು. ಅವಳು ಬೇರೆ ಎಂದಾಯಿತು, ಸಿಟ್ಟಿನಲ್ಲಿ ಇವನೂ ಬೇರೆ ಎಂದುಬಿಟ್ಟರೆ ಲಗ್ನವಾದ ಹಾಗೇ. ಆದರೆ ಅಜ್ಜ ಸಿಟ್ಟಿನಲ್ಲೂ ನ್ಯಾಯ ಬಿಡುವ ಜನವಲ್ಲ.

"ಬಾರಸ್ರಿ. ನನ್ನ ಕಿವಿಲೆ ಕೇಳ್ತೀನಿ. ಆ ಮ್ಯಾಲ ಮಾತು."

ಈಗ ಹೊಸ ತೊಡಕು ಬಂತು. ಅದು ಎಬ್ಬಿಸುವ ಪೆಟ್ಟು, ದೇವರು ಬೆಳಿಗ್ಗೆಯೇ ಎದ್ದಾಗಿದೆ. "ಎದ್ದ ದೇವರಿಗಿ ಮತ್ತ ಎಬ್ಬಸ್ತಾರೇನು? ಏನಂದುಕೊಂಡಾನು?" ಎಂದಳು ಲಗಮವ್ವ. ನಾಳೆ ಬೆಳಗಿನ ತನಕ ಇರಿ ಎಂದರೆ ನೀರು ಕುಡಿಯದ ಅಜ್ಜನ ಗತಿಯೇನು? ಸ್ವಲ್ಪ ಹೊತ್ತು ಎಲ್ಲರೂ ತಲೆ ಕೆಡಿಸಿಕೊಂಡರು. ಕೊನೆಗೆ ಲಗಮವ್ವನೇ ಪರಿಹಾರ ಹೇಳಿದಳು. ದೇವರನ್ನು ಒಂದಿಷ್ಟು ಹೊತ್ತು ಮಲಗಿಸುವುದು.

ನಾನು ಎಷ್ಟೋ ಗುಡಿ ನೋಡಿದ್ದೇನೆ, ಇಂಥ ಸೇವೆ ನೋಡಿರಲಿಲ್ಲ. ಪೂಜಾರಿ ದೀಪ ಸಣ್ಣದು ಮಾಡಿ ಪರದೆ ಎಳೆದ. ಅಂಗಳದಲ್ಲಿದ್ದವರೆಲ್ಲ ಮಾತು ನಿಲ್ಲಿಸಿದರು. ಕೋಳಿಗಳನ್ನು ಬುಟ್ಟಿ ಮುಚ್ಚಿ ಕೂರಿಸಿದರು. ಯಾರದೋ ಫೋನು ಗುಂಯ್ ಎಂದದ್ದಕ್ಕೆ ಲಗಮವ್ವ ಅವನನ್ನು ಕಣ್ಣಿನಲ್ಲೇ ಓಣಿಯಾಚೆ ಅಟ್ಟಿದಳು. ನನಗೆ ಅದೇ ಹೊತ್ತಿಗೆ ಸೀನು ಬಂತು. ಮೂಗು ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ಅದನ್ನು ನುಂಗಿದೆ. ದೇವರ ನಿದ್ದೆ ಕೆಡಿಸಿದ ಮಂಡ್ಯದವಳು ಎಂಬ ಹೆಸರು ಯಾರಿಗೆ ಬೇಕು? ಬಾಗಿಲಲ್ಲಿ ರೇಣುಕಾ ಚಹಾದ ತಾಟು ಹಿಡಿದು ನಿಂತಿದ್ದಳು. ಕಪ್ಪುಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಅದನ್ನು ಕೇಳಿದ ಮೇಲೆ ನನ್ನ ನಗು ನಿಂತುಹೋಯಿತು.

ದೇವರಿಗೆ ಸಾಕಷ್ಟು ನಿದ್ದೆಯಾಗಿರಬೇಕು ಎನಿಸಿದಾಗ ಲಗಮವ್ವ ತನ್ನ ಮಗನಿಗೆ, ಅಂದರೆ ಸಿದ್ರಾಮನ ಅಪ್ಪನಿಗೆ, ಕಣ್ಣು ಸನ್ನೆ ಮಾಡಿದಳು. ಅವನು ಡೊಳ್ಳು ಹೆಗಲಿಗೇರಿಸಿ ಗುಡಿಯ ಬಾಗಿಲಲ್ಲಿ ನಿಂತು ಬಾರಿಸಿದ.

ಅಜ್ಜ ಕಣ್ಣು ಮುಚ್ಚಿ ಕೂತಿದ್ದ. ಮುಖದಲ್ಲಿ ಏನೂ ಕಾಣಲಿಲ್ಲ. ಆದರೆ ನಾನು ಅವನ ಪಕ್ಕದಲ್ಲೇ ಕೂತಿದ್ದೆ. ಕಂಬಳಿಯ ಸಂದಿಯಲ್ಲಿ ಅವನ ಬಲಗೈ ಮೊಣಕಾಲಿನ ಮೇಲೆ ಆಡುತ್ತಿತ್ತು. ಡೊಳ್ಳಿಗಿಂತ ಕೂದಲೆಳೆ ಮುಂದೆಯೇ ಇತ್ತು, ಮುಂದೇನು ಬರುತ್ತದೆಂದು ಬಲ್ಲ ಕೈಯ ಹಾಗೆ. ಕೊನೆಗೆ ಆ ಸಣ್ಣ ಪೆಟ್ಟು ಬಂತು, ಅವನ ಮನೆಯಲ್ಲಿ ಇಲ್ಲದ ಪೆಟ್ಟು. ಅದಕ್ಕೂ ಅವನ ಕಿರುಬೆರಳು ತಪ್ಪದೆ ಬಿತ್ತು. ಎರಡನೆಯ ಸುತ್ತಿಗೂ ಬಿತ್ತು. ಮೂರನೆಯದಕ್ಕೆ ಅವನು ಆ ಕೈಯನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ.

ಪರದೆ ಸರಿಯಿತು. ದೇವರು ಎದ್ದ. ಎಲ್ಲರೂ ಅಜ್ಜನ ಕಡೆ ತಿರುಗಿದರು. ಅವನು ಕಣ್ಣು ತೆರೆದು ಬಾಗಿಲ ಕಡೆ ನೋಡಿದ. ರೇಣುಕಾ ಅವನನ್ನು ನೋಡುತ್ತಿರಲಿಲ್ಲ, ತಾಟಿನಲ್ಲಿ ತಣ್ಣಗಾದ ಚಹಾವನ್ನು ನೋಡುತ್ತಿದ್ದಳು. ಅಜ್ಜ ಬಹಳ ಹೊತ್ತು ಅವಳನ್ನೇ ನೋಡಿದ.

"ಬ್ಯಾರೆ ಅದ" ಎಂದ. ಆಮೇಲೆ ಇನ್ನೂ ಗಟ್ಟಿಯಾಗಿ, "ಪೂರಾ ಬ್ಯಾರೆ ಅದ. ಚಹಾ ಕೊಡ್ರಿ ಬೀಗರ, ಗಂಟಲ ಒಣಗ್ಯಾದ."

ಲಗಮವ್ವ, "ನಾ ಮೊದಲ ಅಂದಿದ್ನಿ!" ಎಂದು ತೊಡೆ ತಟ್ಟಿದಳು. ಸಿದ್ರಾಮನಿಗೆ ಬಾಯಿ ಬಂತು, ಅಂದರೆ ಅವನು ಅತ್ತುಬಿಟ್ಟ. ರೇಣುಕಾ ತಾಟನ್ನು ನನ್ನ ಕೈಗೆ ತುರುಕಿ ಒಳಗೆ ಓಡಿದಳು. ಚಹಾ ಹಂಚುವ ಕೆಲಸ ಸಾಕ್ಷಿಯ ಪಾಲಿಗೆ ಬಂತು. ತಣ್ಣಗಿನ ಚಹಾವನ್ನು ಅಜ್ಜ ಒಂದೇ ಗುಟುಕಿಗೆ ಕುಡಿದು ಇನ್ನೊಂದು ಕಪ್ಪಿಗೆ ಕೈ ಚಾಚಿದ.

ಮರಳುವಾಗ

ಸಂಜೆ ಸಿದ್ರಾಮ ನಮ್ಮನ್ನು ಮತ್ತೆ ಉದಗೀರದ ಸ್ಟ್ಯಾಂಡಿಗೆ ಬಿಟ್ಟ. ನಾನು ಅಲ್ಲಿಂದ ಬೀದರಕ್ಕೆ ಹೋಗಿ ರೈಲು ಹಿಡಿಯಬೇಕಿತ್ತು. ರೇಣುಕಾ ಅವನ ಜೊತೆ ಸ್ವಲ್ಪ ದೂರದಲ್ಲಿ ನಿಂತು ಏನೋ ಹೇಳಿ ನಗುತ್ತಿದ್ದಳು. ಈಗ ಅವನೂ ಮಾತಾಡುತ್ತಿದ್ದ. ಅಜ್ಜ ಮತ್ತು ನಾನು ಡೊಳ್ಳನ್ನು ನಡುವೆ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದೆವು. ನಾನು ಏನೂ ಕೇಳಬಾರದೆಂದೇ ಇದ್ದೆ. ಆದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

"ಅಜ್ಜಾರೇ, ನಿಜವಾಗಲೂ ಬೇರೆ ಇತ್ತಾ?"

ಅವನು ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. "ನೀವು ನನ್ನ ಕೈ ನೋಡೀರಿ. ನನಗ ಗೊತ್ತದ." ರುಮಾಲನ್ನು ಮತ್ತೆ ಸುತ್ತಿಕೊಳ್ಳುತ್ತ ಹೇಳಿದ. "ನಮ್ಮ ಅಪ್ಪ ಬಾರಸತಿದ್ದ ಆ ಕಡೀ ಪೆಟ್ಟ. ಅವನ ಕಿರುಬೆರಳ ಮೇವು ಕತ್ತರಿಸೋ ಯಂತ್ರದಾಗ ಹೋದ ಮ್ಯಾಲ ನಮ್ಮ ಮನ್ಯಾಗ ನಿಂತು ಹೋತು. ನಾ ಸಣ್ಣಂವಾ ಇದ್ನಿ. ಇಷ್ಟು ವರ್ಷ ಆದ ಮ್ಯಾಲ ಇವತ್ತ ಕೇಳಿದ್ನಿ, ಮ್ಯಾಡಂ ಬಾಯಿ. ಅಪ್ಪನ್ನ ಕೇಳಿದಂಗ ಆತು."

ಆಚೆ ರೇಣುಕಾ ಮತ್ತೆ ನಕ್ಕಳು, ಅಜ್ಜ ತಿರುಗದೆಯೇ ಆ ನಗುವನ್ನು ಕೇಳಿಸಿಕೊಂಡ.

"ಆಕಿಗಿ ಹೇಳಬ್ಯಾಡ್ರಿ. ಇಲ್ಲಿ ಯಾರಿಗೂ ಹೇಳಬ್ಯಾಡ್ರಿ. ನಿಮ್ಮ ಮೈಸೂರ ಕಡಿ ಬೇಕಾದ್ರ ಹೇಳ್ಕೋರಿ, ಅಲ್ಲಿಂದ ಇಲ್ಲಿ ತನಕ ಏನು ಕೇಳ್ತದ?"

"ಮತ್ತೆ ಬೀರಪ್ಪ ದೇವರಿಗೆ?" ಎಂದೆ.

ಅಜ್ಜ ಡೊಳ್ಳನ್ನು ತನ್ನ ಕಡೆಗೆ ಎಳೆದುಕೊಂಡ.

"ಅವಗ ನಾ ಹೇಳ್ತೀನಿ. ನಾಳಿ ಮುಂಜಾನಿ ಎಬ್ಬಸ್ತೀನಲ್ಲ, ಆ ಕಡೀ ಪೆಟ್ಟ ಸೇರಿಸಿ ಎಬ್ಬಸ್ತೀನಿ. ಅವಗ ತಿಳೀತದ."